ಎರಡು ಕಿಲೋ ಗುರೆಳ್ಳು

ಆಳಂದದ ಹತ್ತಿರದ ಜಿಡಗಾ ಊರಿನ ಶಿವಕಾಂತಾ ಇಂಗ್ಲೆಂಡಿನ ಸಣ್ಣ ಊರೊಂದರ ವೃದ್ಧಾಶ್ರಮದಲ್ಲಿ ನರ್ಸು. ಹೆಸರು ಬರೆದ ಡಬ್ಬಿಗಳಿಂದ ಇಪ್ಪತ್ತೆರಡು ಮುದುಕರಿಗೆ ಮಾತ್ರೆ ಹಂಚುವುದು ಅವಳ ಕೆಲಸ. ಹಾಗಾಗಿ ಅವಳ ನಲವತ್ತಾರನೆಯ ವಯಸ್ಸಿನಲ್ಲಿ ಡಾಕ್ಟರು, "ಸಕ್ಕರೆ ಗಡಿ ದಾಟಿದೆ, ಮೂರು ತಿಂಗಳಲ್ಲಿ ಇಳಿಯದಿದ್ದರೆ ಮಾತ್ರೆ" ಎಂದಾಗ ಅವಳ ಕಣ್ಣಿಗೆ ಕಟ್ಟಿದ್ದು ತನ್ನ ಹೆಸರಿನ ಡಬ್ಬಿ. ಕೊಡುವವರ ಸಾಲಿನಿಂದ ನುಂಗುವವರ ಸಾಲಿಗೆ ಇಷ್ಟು ಬೇಗ ಸರಿಯುವುದು ಅವಳಿಗೆ ಬೇಡವಾಗಿತ್ತು.

ಶನಿವಾರಗಳೆಲ್ಲ ಸೂಪರ್‌ಮಾರ್ಕೆಟ್ಟಿನ ಆರೋಗ್ಯ ವಿಭಾಗಕ್ಕೆ ಮೀಸಲಾದವು. ಅಲ್ಲಿ ಆರೋಗ್ಯವು ಕಂದು ಕಾಗದದ ಚೀಲಗಳಲ್ಲಿ ದೊರೆಯುತ್ತಿತ್ತು. ಅವಳ ಅಪ್ಪ ತನಗೂ ಎತ್ತಿಗೂ ಬೆಳೆಯುತ್ತಿದ್ದ ಜೋಳ 'ಪುರಾತನ ಧಾನ್ಯ'ವೆಂಬ ಬಿರುದು ಧರಿಸಿ, ಅರಳಾಗಿ, ಖರ್ಜೂರದ ಪಾಕದಲ್ಲಿ ಮಿಂದು ಕುಳಿತಿತ್ತು. ಅದರಲ್ಲಿ ಕಾಲುಭಾಗಕ್ಕೂ ಮೀರಿ ಸಕ್ಕರೆಯೇ ಎಂಬುದನ್ನು ಚೀಲದ ಬೆನ್ನಿಗೆ, ಇರುವೆಗೂ ಕನ್ನಡಕ ಬೇಕಾಗುವ ಅಕ್ಷರಗಳಲ್ಲಿ ಅಚ್ಚು ಹಾಕಿದ್ದರು. ಯಾರೂ ಸತ್ಯ ಮುಚ್ಚಿಟ್ಟಿರಲಿಲ್ಲ. ಮೆಲ್ಲಗೆ ಹೇಳಿದ್ದರು, ಅಷ್ಟೆ. ಶಿವಕಾಂತಾ ಮುಂಬದಿಯನ್ನಷ್ಟೇ ಶ್ರದ್ಧೆಯಿಂದ ಓದಿ ವಾರಕ್ಕೊಂದು ಚೀಲ ಕೊಳ್ಳುತ್ತಿದ್ದಳು.

ಐದನೆಯ ಶನಿವಾರ ಬೇರೊಂದು ಸಾಲಿನಲ್ಲಿ ಕರ್ರಗೆ ಮಿರುಗುವ ಗುರೆಳ್ಳು, ಅಂದರೆ ಹುಚ್ಚೆಳ್ಳು, ಕಂಡಿತು. ಗುರೆಳ್ಳಿನ ಹಿಂಡಿಯೆಂಬ ಚಟ್ನಿಪುಡಿ, ಖಡಕ್ ರೊಟ್ಟಿ ತಿಂದು ಬೆಳೆದ ಜೀವ ಅವಳದು. ಎರಡು ಕಿಲೋ ಚೀಲವನ್ನು ಈ ಒಮ್ಮೆ ಓದದೆಯೇ ಎತ್ತಿಕೊಂಡಳು.

ಬಿಲ್ ಮಾಡುವ ಹೆಂಗಸು ಅಕ್ಕರೆಯಿಂದ ಕೇಳಿದಳು: "ತಿನ್ನುವವರು ಬಹಳವೇ?"

"ಮೂವರೇ. ಗಂಡನಿಗೆ ಮಾತ್ರ ಬೆಳ್ಳುಳ್ಳಿ ಜಾಸ್ತಿ ಇರಬೇಕು."

ಆ ಹೆಂಗಸು ಚೀಲವನ್ನು ಶಿವಕಾಂತಾಳತ್ತ ತಿರುಗಿಸಿದಳು. ಮೇಲೊಂದು ಪುಟ್ಟ ಹಕ್ಕಿಯ ಚಿತ್ರ. ಕೆಳಗೆ, 'ಮನುಷ್ಯರ ಸೇವನೆಗಲ್ಲ'. ಮಾನ ಉಳಿಸಿಕೊಳ್ಳಲು ಶಿವಕಾಂತಾ, ಮನೆಯಲ್ಲಿ ಹಕ್ಕಿಗಳೂ ಇವೆಯೆಂದು ಸುಳ್ಳು ಹೇಳಿ ಅದನ್ನು ಕೊಂಡೇ ಬಂದಳು.

ಫೋನಿನಲ್ಲಿ ಇದನ್ನು ಕೇಳಿ ಊರಿನಲ್ಲಿದ್ದ ತಾಯಿ ರೇವಮ್ಮ ರೇಗಿದಳು. "ಹಕ್ಕಿಗೇನು ಹೊಟ್ಟಿ ಇಲ್ಲೇನವಾ? ಹಸನ ಮಾಡು, ಹುರಿ, ಕುಟ್ಟು. ಸಕ್ಕರಿ ಹೆಂಗ ಇಳಿಯಂಗಿಲ್ಲ ನೋಡ್ತೇನಿ."

"ಮಂದಿ ತಿನ್ನಬಾರದಂತ ಬರದಾರಬೇ ಯವ್ವಾ."

"ಬರದವರು ಜಿಡಗಾಕ್ಕ ಬಂದಿದ್ದರೇನು?"

ಅವಳು ತಿನ್ನಲಿಲ್ಲ. ಆದರೆ ಕಾಳನ್ನು ಕಸಕ್ಕೆ ಸುರಿಯಲು ಒಕ್ಕಲು ಮನೆಯ ಕೈ ಏಳಲಿಲ್ಲ. ಮನೆಯ ಮುಂದೆ ಚೆಲ್ಲಿದರೆ ಇಲಿ ಬರುತ್ತವೆಂದು ಬಾಡಿಗೆ ಕರಾರಿನಲ್ಲೇ ನಿಷೇಧವಿತ್ತು. ಹೀಗಾಗಿ ದಿನಾ ಬೆಳಿಗ್ಗೆ ಒಂದು ಮುಷ್ಟಿ ಗುರೆಳ್ಳು ಹಿಡಿದು ಒಂದೂವರೆ ಮೈಲಿ ದೂರದ ಉದ್ಯಾನಕ್ಕೆ ನಡೆದಳು. ಮಳೆಯಿದ್ದರೆ ಕೊಡೆ ಹಿಡಿದು. ಹಕ್ಕಿಗಳು ಹೊತ್ತು ಕಲಿತುಬಿಟ್ಟಿದ್ದರಿಂದ ತಪ್ಪಿಸಲೂ ಆಗಲಿಲ್ಲ. ಬಿಲ್ಲಿನ ಹೆಂಗಸಿಗೆ ಮುಖ ತೋರಿಸಲಾರದೆ ಆ ಅಂಗಡಿಗೆ ಹೋಗದ್ದರಿಂದ ಪಾಕದ ಜೋಳ ಕೊಳ್ಳುವುದೂ ತಾನಾಗಿ ನಿಂತಿತು.

ಮೂರು ತಿಂಗಳಿಗೆ ಸಕ್ಕರೆ ಗಡಿಯ ಈಚೆಗೆ ಬಂತು, ಮಾತ್ರೆ ತಪ್ಪಿತು. ಇಳಿಸಿದ್ದು ನಡಿಗೆಯೋ, ಆರೋಗ್ಯ ವಿಭಾಗದಿಂದ ದೂರವಿದ್ದದ್ದೋ ತನ್ನೊಬ್ಬಳ ಲೆಕ್ಕದಿಂದ ಹೇಳಲಾಗದೆಂದು ಅವಳು ಡಾಕ್ಟರಿಗೆ ಪ್ರಾಮಾಣಿಕವಾಗಿ ವಿವರಿಸಿದಳು. ಡಾಕ್ಟರು 'ಪಥ್ಯ ಫಲಿಸಿದೆ' ಎಂದು ಬರೆದುಕೊಂಡರು.

ರೇವಮ್ಮನಿಗೆ ಅಷ್ಟೂ ಸಂಶಯವಿರಲಿಲ್ಲ. "ಗುರೆಳ್ಳು ಇಳಿಸ್ತು ನೋಡು! ಓಣಿಗೆಲ್ಲಾ ಹೇಳೇನಿ. ಬಾಜೂಮನಿ ಸುಮಿತ್ರಾಬಾಯಿ ಆಳಂದದಿಂದ ತರಿಸ್ಯಾಳ."

"ಯವ್ವಾ, ಒಂದು ಕಾಳೂ ತಿಂದಿಲ್ಲಬೇ ನಾ. ಎಲ್ಲಾ ಹಕ್ಕಿಗೇ ಹಾಕೇನಿ."



"ಯಾರು ತಿಂದರೇನವಾ, ಮನ್ಯಾಗ ಇತ್ತಲ್ಲ!"