ದ್ರಾಕ್ಷಿ ರಸದ ಠರಾವು

ನಮ್ಮ ದೇವಾಲಯದ ಸಮಿತಿಗೆ ನಾನು ಕಾರ್ಯದರ್ಶಿಯಾಗಿ ಒಂಬತ್ತು ವರ್ಷವಾಯಿತು. ಹೊಸಪೇಟೆಯ ಕಾಲುವೆ ಆಫೀಸಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಅಕ್ಷರ ದುಂಡಗಿದೆ, ಅಧ್ಯಕ್ಷರು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ, ಚಹಾ ತಣ್ಣಗಾಗಿ ಬಂದರೂ ಗೊಣಗುವುದಿಲ್ಲ. ಇಷ್ಟು ಗುಣ ಇದ್ದವನನ್ನು ಯಾವ ಸಮಿತಿಯೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಹೊರಗಿನವರಿಗೆ ಚರ್ಚು ಅಂದರೆ ಗಂಟೆ, ಕ್ರಿಸ್‌ಮಸ್ ನಕ್ಷತ್ರ, ಕೇಕು. ಒಳಗೆ ಅದನ್ನು ನಡೆಸುವುದು ಹಿಂದಿನ ಕೋಣೆಯ ಒಂದು ಮೇಜು ಮತ್ತು ಅದರ ಸುತ್ತ ಕೂರುವ ಹನ್ನೊಂದು ಜನ. ಕೀರ್ತನೆಗೆ ತಬಲಾ ಇರಲಿ, ಡ್ರಮ್ ಬೇಡ ಎಂದು ಠರಾವು ಮಾಡಿದ್ದೇವೆ. ಬೇರೆ ಸಭೆಯ, ಅಂದರೆ ಬೇರೆ ಚರ್ಚಿನ, ಪಾಸ್ಟರು ನಮ್ಮಲ್ಲಿಗೆ ಬಂದರೆ ಮೇಲಿನ ಪೀಠ ಹತ್ತಬಹುದೋ, ಕೆಳಗಿನ ಮೈಕಿನಲ್ಲೇ ವಂದನೆ ಹೇಳಿ ಇಳಿಯಬೇಕೋ ಎಂಬುದನ್ನು ಮೂರು ಸಭೆ ಚರ್ಚಿಸಿದ್ದೇವೆ. ಕೆಳಗಿನ ಮೈಕು ಗೆದ್ದಿತು. ಆ ಮೂರೂ ಸಭೆಗಳ ನಡಾವಳಿ ನನ್ನ ಅಕ್ಷರದಲ್ಲೇ ಇದೆ, ಯಾರಿಗಾದರೂ ಬೇಕಾದರೆ ತೋರಿಸುತ್ತೇನೆ. ಇಲ್ಲಿಯವರೆಗೆ ಯಾರೂ ಕೇಳಿಲ್ಲ.

ನಮ್ಮ ಅಯ್ಯನವರು ಅಂದರೆ ಸಭಾಪಾಲಕರು ಹೊಸಪೇಟೆ, ಸಂಡೂರು, ಕಮಲಾಪುರ ಮೂರೂ ಊರಿನ ಸಭೆಗಳನ್ನು ನೋಡಿಕೊಳ್ಳುತ್ತಾರೆ. ಸಮಿತಿಯ ಅಧ್ಯಕ್ಷರೂ ಅವರೇ. ಮೃದು ಮನುಷ್ಯ, ಯಾರು ಕೊನೆಗೆ ಮಾತಾಡುತ್ತಾರೋ ಅವರ ಕಡೆ ವಾಲುತ್ತಾರೆ. ಕೊನೆಗೆ ಮಾತಾಡುವುದು ಸಾಮಾನ್ಯವಾಗಿ ಸಂಡೂರಿನ ಹಿರಿಯರು. ಗಣಿಯಲ್ಲಿ ಫೋರ್‌ಮನ್ ಆಗಿದ್ದವರು, ಸೀಟಿ ಊದಿದರೆ ಕೆಲಸ ಶುರು, ಸೀಟಿ ಊದಿದರೆ ಬಂದ್ ಎಂಬ ಲೋಕದಿಂದ ಬಂದವರು. ಅವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನಗೇ ಅವರ ಮೇಲೆ ಸಿಟ್ಟು ಬರುವ ಸಂದರ್ಭವಿದೆ.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕರ್ತನ ಭೋಜನ. ರೊಟ್ಟಿಯ ಒಂದು ಚೂರು, ಹೆಬ್ಬೆರಳಿನಷ್ಟು ಗಾಜಿನ ಲೋಟದಲ್ಲಿ ದ್ರಾಕ್ಷಿ ರಸ, ಯೇಸುವಿನ ಶರೀರ ಮತ್ತು ರಕ್ತದ ನೆನಪಿಗೆ. ಆ ರಸವನ್ನು ಇಪ್ಪತ್ತೆಂಟು ವರ್ಷದಿಂದ ಮಾಡುತ್ತಿದ್ದವರು ಒಬ್ಬ ಅಕ್ಕ. ಸರಕಾರಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು, ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಶುಕ್ರವಾರ ಕಪ್ಪು ಒಣದ್ರಾಕ್ಷಿಯನ್ನು ಮೂರು ನೀರಿನಲ್ಲಿ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ನೆನೆ ಹಾಕುವುದು. ಶನಿವಾರ ಸಣ್ಣ ಉರಿಯಲ್ಲಿ ಬೇಯಿಸಿ, ಕಿವುಚಿ, ಬಿಳಿ ಬಟ್ಟೆಯಲ್ಲಿ ಎರಡು ಸಲ ಸೋಸುವುದು. ಸಂಜೆ ನಾನು ಹೋಗಿ ಸ್ಟೀಲ್ ಕ್ಯಾನಿನಲ್ಲಿ ತರುವುದು. ಸಕ್ಕರೆ ಹಾಕುವುದಿಲ್ಲ. "ಆತನ ರಕ್ತಕ್ಕ ನಾವೇನ್ರಿ ಸಕ್ಕರಿ ಹಾಕೋದು" ಎಂದು ಒಮ್ಮೆ ನನಗೆ ಗದರಿದ್ದರು.

ಅವರ ಒಬ್ಬಳೇ ಮಗಳನ್ನು ಕಂಪ್ಲಿಗೆ ಕೊಟ್ಟಿದ್ದಾರೆ. ಮಗಳು, ಅಳಿಯ ಅಲ್ಲಿಯ ಬೇರೆ ಕ್ರೈಸ್ತ ಪಂಗಡದ ಒಂದು ಪ್ರಾರ್ಥನಾ ಮಂದಿರಕ್ಕೆ ಸೇರಿದವರು. ಎರಡನೇ ಹೆರಿಗೆಯಲ್ಲಿ ಮಗಳ ಜೀವಕ್ಕೇ ಬಂತು. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಅಕ್ಕ ದೇವರಿಗೆ ಮಾತು ಕೊಟ್ಟರು: ಮಗಳು ಉಳಿದರೆ ಅವಳ ಆಸೆಯಂತೆ ಅವಳ ಸಭೆಯಲ್ಲಿ ದೀಕ್ಷಾಸ್ನಾನ ತೆಗೆದುಕೊಳ್ಳುತ್ತೇನೆ ಎಂದು. ಮಗಳು ಉಳಿದಳು. ಮೂರು ತಿಂಗಳಿಗೆ ಅಕ್ಕ ಬಿಳಿ ಸೀರೆ ಉಟ್ಟು ತುಂಗಭದ್ರೆಗೆ ಇಳಿದರು.

ನಮಗೆ ಇದು ತಿಳಿದದ್ದು ವಾಟ್ಸ್‌ಆ್ಯಪಿನಿಂದ. ಮಂದಿರದವರು ವಿಡಿಯೊ ಹಾಕಿದ್ದರು. ಸೊಂಟದ ಮಟ್ಟ ನೀರಿನಲ್ಲಿ ಸಾಲಾಗಿ ನಿಂತವರಲ್ಲಿ ಮೂರನೆಯವರು ನಮ್ಮ ಅಕ್ಕ. ಅದು ಯಾರ ಯಾರ ಕೈ ದಾಟಿ ಸಂಡೂರಿನ ಹಿರಿಯರ ಫೋನಿಗೆ ಬಂತೋ ಗೊತ್ತಿಲ್ಲ. ಮುಂದಿನ ಸಮಿತಿಯಲ್ಲಿ ಅವರು ಫೋನನ್ನು ಮೇಜಿನ ನಡುವೆ ಇಟ್ಟರು, ಹನ್ನೊಂದು ತಲೆ ಬಾಗಿದವು.

ಕ್ರೈಸ್ತರಲ್ಲದವರಿಗೆ ಇದರಲ್ಲೇನಿದೆ ಅನಿಸಬಹುದು. ನಮ್ಮಲ್ಲಿ ಕೂಸಿದ್ದಾಗಲೇ ತಲೆಗೆ ನೀರು ಹಾಕಿ ದೀಕ್ಷಾಸ್ನಾನ ಕೊಡುತ್ತೇವೆ, ಒಮ್ಮೆ ಆದರೆ ಆಯಿತು. ಮಂದಿರದವರು ತಿಳಿವಳಿಕೆ ಬಂದವರನ್ನು ಪೂರ್ತಿ ಮುಳುಗಿಸುತ್ತಾರೆ, ಕೂಸಿಗೆ ಹಾಕಿದ ನೀರನ್ನು ಅವರು ಒಪ್ಪುವುದಿಲ್ಲ. ಎರಡನೇ ಸಲ ತೆಗೆದುಕೊಂಡರೆ ಮೊದಲನೆಯದು ಸುಳ್ಳೆಂದು ಸಾರಿದಂತೆ ಎಂಬುದು ನಮ್ಮ ಸಭೆಯ ಬೋಧನೆ. ಹಾಗೆ ಮಾಡಿದವರು, ತಪ್ಪಾಯಿತು ಎಂದು ಬರೆದುಕೊಡುವ ತನಕ ಕರ್ತನ ಭೋಜನಕ್ಕೆ ಬರುವಂತಿಲ್ಲ. ನಿಯಮ ನಾವು ಮಾಡಿದ್ದಲ್ಲ, ಮೇಲಿನ ಆಫೀಸಿನಿಂದ ಬಂದದ್ದು.

ಅಕ್ಕನನ್ನು ಕರೆಸಿದೆವು. ಮೇಜಿನ ತುದಿಗೆ ಕುರ್ಚಿ ಹಾಕಿದೆ. ಅಯ್ಯನವರು ಮೆಲ್ಲಗೆ, "ಒಂದು ಚೀಟಿ ಬರೆದುಕೊಟ್ಟರೆ ಮುಗೀತು ನೋಡಿ" ಎಂದರು.

"ಏನಂತ ಬರೀಬೇಕ್ರಿ ಅಯ್ಯನವ್ರ?"

"ಮಾಡಿದ್ದು ತಪ್ಪು ಅಂತ."

ಅಕ್ಕ ಸೆರಗು ಸರಿಮಾಡಿಕೊಂಡರು. "ಮಗಳು ಉಳಿದ್ಲು, ಮಾತು ನಡಸಿದೆ. ಈಗ ಅದು ತಪ್ಪು ಅಂತ ಬರದ್ರ ದೇವರಿಗೆ ಏನ್ ಹೇಳಿದಂಗ ಆಗ್ತೈತ್ರಿ? ನಾ ನಿಮ್ಮ ಸಭಿ ಬಿಟ್ಟಿಲ್ಲ, ಬಿಡಂಗೂ ಇಲ್ಲ. ಆದ್ರ ತಪ್ಪು ಅಂತ ಬರ್ಯಾಕ ನನ್ನ ಕೈಲಿ ಆಗಂಗಿಲ್ಲ."

"ಹರಕಿ ಹೊರೋದು ನಮ್ಮ ಪದ್ಧತಿ ಅಲ್ರಿ" ಎಂದರು ಸಂಡೂರಿನ ಹಿರಿಯರು.

"ಗೊತ್ತೈತ್ರಿ. ಆವತ್ತು ಪದ್ಧತಿ ನೆಪ್ಪಾಗಲಿಲ್ಲ."

ಠರಾವು ಆಯಿತು. ಮುಂದಿನ ತಿಂಗಳಿಂದ ಅಕ್ಕ ಭೋಜನಕ್ಕೆ ಏಳುವಂತಿಲ್ಲ.

ಇತರ ಸಭೆಗಳ ಜೊತೆ ಸಂಬಂಧ ನೋಡಿಕೊಳ್ಳುವುದೂ ಸಮಿತಿಯ ಕೆಲಸವೇ. ಆದ್ದರಿಂದ ಅಯ್ಯನವರೂ ನಾನೂ ಬಸ್ ಹತ್ತಿ ಕಂಪ್ಲಿಗೆ ಹೋದೆವು. ಮಂದಿರದ ಪಾಸ್ಟರು ಹಿಂದೆ ಕುರೆಕುಪ್ಪದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಸ್ಟೀಲ್ ಕಾರ್ಖಾನೆಯಲ್ಲಿ ಪಾಳಿ ದುಡಿದವರು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ತರಿಸಿ, ಎದುರಿಗೆ ಕೂತು, ಕೈಯಾರೆ ಬಡಿಸಿದರು. ನಾನು ಜಗಳಕ್ಕೆ ತಯಾರಾಗಿ ಹೋಗಿದ್ದೆ, ಮಿರ್ಚಿ ಬಿಸಿಯಿತ್ತು, ಜಗಳ ಆಗಲಿಲ್ಲ.

"ತಾಯಿಯವ್ರು ಇಲ್ಲಿ ಬಂದ್ರ ನಮಗ ಭಾಳ ಸಂತೋಷ. ಆದ್ರ ಅವರು ನಿಮ್ಮ ಸಭಿ ಬಿಡಂಗಿಲ್ಲ ಅಂತಾರ" ಎಂದರು ಪಾಸ್ಟರು. "ಬಿಡಲಾರದ ನಮ್ಮಲ್ಲಿ ಭೋಜನಕ್ಕ ಕೂಡಸಂಗಿಲ್ರಿ. ನಮಗೂ ಹಿರಿಯರದಾರ, ನಮಗೂ ಒಂದು ರೂಲ್ ಐತಿ."

ಅಂದರೆ ಅಕ್ಕನಿಗೆ ದೀಕ್ಷಾಸ್ನಾನ ಎರಡು, ಭೋಜನ ಎಲ್ಲಿಯೂ ಇಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಇದನ್ನು ಅಯ್ಯನವರಿಗೆ ಹೇಳಿದೆ. ಅವರು ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತ, "ಹೌದಲ್ಲ" ಎಂದರು.

ಈ ನಡುವೆ ಒಂದು ವಿಷಯ ಯಾರ ತಲೆಗೂ ಬಂದಿರಲಿಲ್ಲ. ಅಕ್ಕ ಭೋಜನ ತೆಗೆದುಕೊಳ್ಳಬಾರದು ಎಂದು ಬರೆದೆವೇ ಹೊರತು ರಸ ಮಾಡಬಾರದು ಎಂದು ಬರೆದಿರಲಿಲ್ಲ. ಮೊದಲ ಶನಿವಾರ ಬಂತು, ಅಕ್ಕ ದ್ರಾಕ್ಷಿ ನೆನೆ ಹಾಕಿದ್ದರು, ನಾನು ಕ್ಯಾನು ತಂದೆ. ಭಾನುವಾರ ಎಲ್ಲರೂ ಎದ್ದು ಮುಂದೆ ಹೋಗಿ ಮೊಣಕಾಲೂರಿದರು. ಅಕ್ಕ ಬಾಗಿಲ ಹತ್ತಿರದ ಕೊನೆಯ ಬೆಂಚಿನಲ್ಲಿ ಕೂತೇ ಇದ್ದರು. ಆರಾಧನೆ ಮುಗಿದ ಮೇಲೆ ಎಂದಿನಂತೆ ಬಂದು ಲೋಟಗಳನ್ನೆಲ್ಲ ತೊಳೆದಿಟ್ಟು ಹೋದರು. ಹೀಗೆ ಎಂಟು ತಿಂಗಳು ನಡೆಯಿತು.

ಅದು ನನ್ನನ್ನು ಕೊರೆಯುತ್ತಿತ್ತು. ಪ್ರತಿ ತಿಂಗಳೂ ಲೋಟ ಬಾಯಿಗೆ ಇಡುವಾಗ ಹಿಂದಿನ ಬೆಂಚು ನೆನಪಾಗುತ್ತಿತ್ತು. ಹಾಗಂತ ಲೋಟ ಕೆಳಗೆ ಇಟ್ಟೆನೇ ಎಂದರೆ ಇಲ್ಲ. ನಾನು ಗುಮಾಸ್ತ, ನನಗೆ ತಿಳಿದ ದಾರಿ ಕಾಗದದ ದಾರಿ. ಸಮಿತಿಯನ್ನು ಅದರದೇ ತರ್ಕದಲ್ಲಿ ಸಿಕ್ಕಿಸಬೇಕು, ಸಿಕ್ಕಿಕೊಂಡ ಮೇಲೆ ನಾಚಿಕೆಯಾಗಿ ಅಕ್ಕನನ್ನು ಮೇಜಿಗೆ ಕರೆದೇ ಕರೆಯುತ್ತಾರೆ ಎಂದುಕೊಂಡೆ. ಒಂದು ವಾರ ಮನಸ್ಸಿನಲ್ಲೇ ಮಾತು ಜೋಡಿಸಿದೆ. ನನ್ನ ಜಾಣತನಕ್ಕೆ ನಾನೇ ಒಳಗೊಳಗೆ ಬೀಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಸಮಿತಿ ಕೂಡಿತು. ಇತರೆ ವಿಷಯಗಳು ಎಂಬಲ್ಲಿಗೆ ಬಂದಾಗ ಎದ್ದು ನಿಂತೆ. ಹಂಪಿ ನೋಡಲು ಬಂದ ವಿದೇಶಿಯರು ಭಾನುವಾರ ನಮ್ಮಲ್ಲಿಗೆ ಬಂದರೆ ನೇರ ಮುಂದೆ ಹೋಗಿ ಮೊಣಕಾಲೂರುತ್ತಾರೆ, ನೀವು ಮುಳುಗಿದವರೋ ಚಿಮುಕಿಸಿಕೊಂಡವರೋ ಎಂದು ನಾವು ಯಾರನ್ನೂ ಕೇಳಿಲ್ಲ ಎಂದೆ.

"ಅವರು ಬಂದು ಹೋಗೋ ಮಂದಿ" ಎಂದರು ಸಂಡೂರಿನ ಹಿರಿಯರು. "ಈಕಿ ಮನಿಯಾಕಿ. ಮನಿಯವರಿಗೇ ರೂಲು."

ಅದಕ್ಕೂ ಸಿದ್ಧನಾಗಿದ್ದೆ. ಕೊನೆಯ ಬಾಣ ಬಿಟ್ಟೆ. "ಹಂಗಾದ್ರ ಎಂಟು ತಿಂಗಳಿಂದ ನಾವು ಕುಡಿಯಾಕತ್ತಿರೋ ರಸ ಯಾರು ಮಾಡಿದ್ದು? ಭೋಜನಕ್ಕ ಯೋಗ್ಯರಲ್ಲ ಅಂದವರ ಕೈಯಿಂದ ಭೋಜನದ ರಸ ಮಾಡಿಸ್ಕೊಳ್ಳೋದು ಸರೀನಾ? ಸಮಿತಿಯವರು ಹೇಳ್ಬೇಕು."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೆದ್ದೆ ಎಂದುಕೊಂಡು ಕೂತೆ.

ಸಂಡೂರಿನ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮುಖದಲ್ಲಿ ನಿಜವಾದ ಕಳವಳವಿತ್ತು. "ಸೆಕ್ರೆಟ್ರಿಯವ್ರು ಖರೇ ಮಾತು ಹೇಳಿದ್ರು. ಇದು ನಮ್ಮ ಗಮನಕ್ಕ ಬಂದಿರಲಿಲ್ಲ. ದೊಡ್ಡ ತಪ್ಪು ನಡದೈತಿ. ಇನ್ನ ಮ್ಯಾಲೆ ಆಕಿ ಮಾಡೋದು ಬ್ಯಾಡ."

ಎಲ್ಲರೂ ತಲೆ ಆಡಿಸಿದರು. ಅಂಗಡಿಯಲ್ಲಿ ಬಾಟಲಿಯ ರಸ ಸಿಗುತ್ತದೆ, ತಂದರಾಯಿತು ಎಂದು ಯಾರೋ ಅಂದರು. ಇಂಥ ಸೂಕ್ಷ್ಮವನ್ನು ಎತ್ತಿ ತೋರಿಸಿದ್ದಕ್ಕೆ ಅಯ್ಯನವರು ನನಗೆ ವಂದನೆ ಹೇಳಿದರು. ಡ್ರಮ್ಮಿಗೆ ಎರಡು ಸಭೆ, ಮೈಕಿಗೆ ಮೂರು ಸಭೆ ತೆಗೆದುಕೊಂಡ ಸಮಿತಿ ಇದನ್ನು ಎರಡು ನಿಮಿಷದಲ್ಲಿ ಮುಗಿಸಿತು.

ನಾನು ಹೇಳಿದ್ದು ಅದಕ್ಕಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಎಂದಿದ್ದರೆ ಇಷ್ಟು ಹೊತ್ತು ನಾಟಕ ಆಡಿದೆ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಇನ್ನೊಂದು, ಹತ್ತು ಜನ ಒಮ್ಮೆಗೇ ಹೊಗಳುವುದು ನನಗೆ ಆಫೀಸಿನಲ್ಲೂ ಅಭ್ಯಾಸವಿರಲಿಲ್ಲ. ಪೆನ್ನು ತೆಗೆದು ಬರೆದೆ. ಗುಮಾಸ್ತನ ಕೈ, ಯಾರೂ ಹೇಳದಿದ್ದರೂ "ತಕ್ಷಣದಿಂದ ಜಾರಿಗೆ ಬರುವಂತೆ" ಎಂದು ತಾನೇ ಸೇರಿಸಿತು. ಅಂದು ಸಂಡೂರಿನ ಹಿರಿಯರ ಮೇಲೆ ಸಿಟ್ಟು ಮಾಡಿಕೊಂಡು ಮನೆಗೆ ಬಂದೆ. ಅವರ ಮೇಲೆ ಸಿಟ್ಟಾಗುವುದು ಸುಲಭವಾಗಿತ್ತು.

ಪತ್ರ ಮುಟ್ಟಿಸುವುದೂ ಕಾರ್ಯದರ್ಶಿಯ ಕೆಲಸ. ನಾಳೆ ನಾಳೆ ಎಂದು ದೂಡಿದೆ. ಕೊನೆಗೆ ಹೋದದ್ದು ತಿಂಗಳ ಮೊದಲ ಭಾನುವಾರದ ಹಿಂದಿನ ಸಂಜೆ, ಕ್ಯಾನು ತರಲು ಹೋಗುತ್ತಿದ್ದ ಹೊತ್ತಿಗೇ. ಕ್ಯಾನಿಲ್ಲದೆ ಬಂದ ನನ್ನ ಕೈ ನೋಡಿ ಅಕ್ಕ, "ಬರ್ರಿ ಸೆಕ್ರೆಟ್ರಿ ಅಣ್ಣಾರ, ಕುಂದ್ರಿ. ಕ್ಯಾನು ಮರ್ತು ಬಂದ್ರ್ಯಾ?" ಎಂದರು. ಅಡುಗೆಮನೆಯಲ್ಲಿ ರಸ ಸೋಸಿ ಆಗಿತ್ತು. ಬಿಳಿ ಬಟ್ಟೆ ಹಿಂಡಿ ಕಿಟಕಿಗೆ ಹಾಕಿದ್ದರು, ಮನೆ ತುಂಬ ಬೇಯಿಸಿದ ದ್ರಾಕ್ಷಿಯ ವಾಸನೆ.

ಲಕೋಟೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಓದಿದರು. ಅವರ ಎದುರಿಗೇ ಆದ ಭೋಜನದ ಠರಾವನ್ನು ಕೇಳಿದಾಗ ಅವರು ಅತ್ತಿರಲಿಲ್ಲ. ಈಗ ಕಣ್ಣು ತುಂಬಿತು. ಕನ್ನಡಕದ ಕೆಳಗಿಂದ ಬೆರಳು ಹಾಕಿ ಒರೆಸಿಕೊಂಡರು.

"ಇವತ್ತಿಂದನಾ?"

"ಹೂಂ ಅಕ್ಕಾ."

"ಇದು ಮಾಡಿ ಆಗೇತಲ್ರಿ."

ಮುಂದಿನ ತಿಂಗಳಿಂದ ಎಂದು ಬರೆದಿದ್ದರೂ ನಡೆಯುತ್ತಿತ್ತು. ಅಕ್ಕ ಪತ್ರವನ್ನು ಇದ್ದ ಮಡಿಕೆಯಲ್ಲೇ ಮಡಿಚಿ ಲಕೋಟೆಗೆ ಹಾಕಿದರು.

"ಕುಡಿಯಾಕ ಆಗದಿದ್ರೂ ಮಾಡ್ತೀನಲ್ಲ, ನಂದೂ ಒಂದು ಪಾಲು ಅಲ್ಲಿ ಐತಿ ಅಂತ ಸಮಾಧಾನ ಮಾಡ್ಕೊಂಡಿದ್ದೆ ನೋಡ್ರಿ" ಎಂದರು. ಆಮೇಲೆ, "ಯಾರು ಎತ್ತಿದ್ರು ಇದನ್ನ?"

"ಸಮಿತಿ" ಎಂದೆ.

"ಗೊತ್ತಾತು ಬಿಡ್ರಿ, ಸಂಡೂರಿನವ್ರು. ಅವರ ಮ್ಯಾಲೆ ನನಗೇನೂ ಸಿಟ್ಟಿಲ್ಲ. ನೀವು ಅಲ್ಲೇ ಇದ್ರಿ, ನೀವು ಬ್ಯಾಡ ಅಂತ ಹೇಳಿರ್ತೀರಿ. ಹತ್ತು ಮಂದಿ ಮುಂದ ಒಬ್ಬರ ಮಾತು ಎಲ್ಲಿ ನಡೀತೈತಿ? ದೇವರು ನಿಮಗ ಒಳ್ಳೇದು ಮಾಡಲಿ."

ಎದ್ದು ಒಳಗೆ ಹೋಗಿ ದೊಡ್ಡ ಲೋಟದ ತುಂಬ ರಸ ತಂದು ಕೊಟ್ಟರು. "ಇನ್ನೂ ಪ್ರಾರ್ಥನಿ ಆಗಿಲ್ಲ, ಬರೇ ದ್ರಾಕ್ಷಿ ಹಣ್ಣಿಂದು. ಕುಡೀರಿ, ಬಿಸಲಾಗ ಬಂದೀರಿ" ಎಂದರು. ತಮಗೆ ಹಾಕಿಕೊಳ್ಳಲಿಲ್ಲ. ನಾನು ಬೇಡ ಎಂದಿರಬೇಕು ಎಂಬ ಅವರ ಮಾತಿಗೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅವರ ಎದುರಿಗೆ ಕೂತು ಲೋಟ ಪೂರ್ತಿ ಕುಡಿದು ಕೊಟ್ಟೆ.