ನೋಯದ ಮೊಣಕಾಲು

ಹತ್ತಿಮತ್ತೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಅಪ್ಪ ನನಗಾಗಿ ಕಬಡ್ಡಿ ಅಂಕಣ ಮಾಡಿದ್ದ. ಟ್ರ್ಯಾಕ್ಟರಿನಲ್ಲಿ ಕೆಮ್ಮಣ್ಣು ತಂದು, ಹರಳು ಉಳಿಯದಂತೆ ಅವ್ವನ ಜರಡಿಯಲ್ಲೇ ಸೋಸಿ, ಸುಣ್ಣದ ಗೆರೆ ಎಳೆದಿದ್ದ. ಸ್ವತಃ ಒಂದು ದಿನವೂ ಆಡಿದವನಲ್ಲ. ಶಾಲೆಯ ಪಂದ್ಯದಲ್ಲಿ ನಾನು ಒಂದೇ ರೇಡಿನಲ್ಲಿ ನಾಲ್ವರನ್ನು ಮುಟ್ಟಿ ಬಂದದ್ದನ್ನು ನೋಡಿದ ಮೇಲೆ ಅವನಿಗೆ ಬೇರೆ ಮಾತೇ ಇಲ್ಲದಂತಾಯಿತು. ಆಗ ನನಗೆ ಹದಿನಾಲ್ಕು ವರ್ಷ.

ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಿದ್ದ. ಸವಣೂರಿನ ರಸ್ತೆಯಲ್ಲಿ ನಾನು ಓಡಬೇಕು, ಹಿಂದೆ ಅವನು ಬೈಕಿನಲ್ಲಿ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ಮೊಟ್ಟೆ ಹೊಸ್ತಿಲು ದಾಟಿದ್ದಿಲ್ಲ. ಮೊಟ್ಟೆ ತಿನ್ನದೆ ಹುಡುಗನ ಮೈ ಗಟ್ಟಿಯಾಗುವುದಿಲ್ಲ ಎಂದು ಯಾರೋ ಅಪ್ಪನಿಗೆ ಹೇಳಿದರು. ವಾರಕ್ಕೆರಡು ಸಲ ಸವಣೂರಿನ ಮೊಟ್ಟೆ ಮಾರುವ ಗಾಡಿಯೊಂದರ ಹಿಂದೆ ನನ್ನನ್ನು ನಿಲ್ಲಿಸಿ, ಬೇಯಿಸಿದ ಮೊಟ್ಟೆಯ ಸಿಪ್ಪೆಯನ್ನು ತಾನೇ ಸುಲಿದು ಕೊಡುತ್ತಿದ್ದ. ನಾನು ತಿನ್ನುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದ. ಆಮೇಲೆ ನಳದಲ್ಲಿ ಕೈ ತೊಳೆದು, ಮತ್ತೊಮ್ಮೆ ತೊಳೆದು, "ನಿಮ್ಮವ್ವಗ ಹೇಳಬ್ಯಾಡ" ಅನ್ನುತ್ತಿದ್ದ.

ಹಾನಗಲ್ಲ, ಶಿಗ್ಗಾವಿ, ಎಲ್ಲಿ ಪಂದ್ಯವಿದ್ದರೂ ಅಲ್ಲಿಗೆ ಹೋದೆವು. ನಾನು ಗೆಲ್ಲುತ್ತಿದ್ದೆ. ನನ್ನನ್ನು ಹಿಡಿಯುವವರು ಸಿಕ್ಕಿರಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಹಿರೇಕೆರೂರಿನಲ್ಲಿ ಆಡುವಾಗ ಒಬ್ಬ ತರಬೇತುದಾರರು ನನ್ನನ್ನು ನೋಡಿದರು. ಸಂಬಳ ಕೊಟ್ಟು ಆಡಿಸುವ ತಂಡವೊಂದಕ್ಕೆ ಅವರು ಹುಡುಗರನ್ನು ಹುಡುಕುತ್ತಿದ್ದರು. ಆಯ್ಕೆಯಾದರೆ ಕಾಲೇಜು ಬಿಟ್ಟು ಅವರ ವಸತಿಯಲ್ಲೇ ಇರಬೇಕು, ಆಟವೇ ಕಸುಬು.

"ಬರ್ತಾನ್ರಿ," ಎಂದ ಅಪ್ಪ. ನನ್ನ ಕಡೆ ನೋಡಲೂ ಇಲ್ಲ.

ಮನೆಗೆ ಬಂದ ಮೇಲೆ ಅವ್ವ ಜಗಳ ತೆಗೆದಳು. "ಪಿಯುಸಿ ಆದರೂ ಮುಗಸಲಿ. ಹುಡುಗನ್ನ ಒಂದ ಮಾತು ಕೇಳೀರೇನು?"

"ಅವನ್ನೇನು ಕೇಳೂದೈತಿ," ಎಂದ ಅಪ್ಪ. "ದೇವರು ಅವನ ಕಾಲಾಗ ಬರದಾನ."

ಆಯ್ಕೆ ಶಿಗ್ಗಾವಿಯ ಮೈದಾನದಲ್ಲಿತ್ತು. ಮೊದಲ ರೇಡಿನಲ್ಲಿ ಎಡ ಮೂಲೆಯ ಗಿಡ್ಡ ಹುಡುಗನೊಬ್ಬ ಕಸ ಕೀಳುವಷ್ಟು ಸಲೀಸಾಗಿ ನನ್ನ ಕಾಲು ಹಿಡಿದು ಕೆಡವಿದ. ಎರಡನೇ ಸಲವೂ ಅವನೇ. ತರಬೇತುದಾರರು ಏನೋ ಬರೆದುಕೊಂಡರು. ಗೆರೆಯಾಚೆ ಅಪ್ಪ ಎದ್ದು ನಿಂತಿದ್ದ. ನನ್ನಂಥವರು ಇಲ್ಲಿ ಬೇಕಾದಷ್ಟು ಇದ್ದಾರೆ ಎಂದು ಅಂದು ಮೊದಲ ಸಲ ಗೊತ್ತಾಯಿತು. ಮೂರನೇ ರೇಡಿನಲ್ಲಿ ಆ ಹುಡುಗನ ಕೈ ಇನ್ನೂ ಸರಿಯಾಗಿ ತಾಗಿರಲಿಲ್ಲ. ನಾನೇ ಬಿದ್ದೆ, ಬಲ ಮೊಣಕಾಲು ಹಿಡಿದುಕೊಂಡು ಕೂಗಿದೆ.

ಹುಡುಗ ಬಿಳಿಚಿಕೊಂಡು, "ನಾ ಜೋರ ಹಿಡದಿಲ್ರಿ" ಎಂದು ಎಲ್ಲರಿಗೂ ಹೇಳುತ್ತಿದ್ದ. ಅವನನ್ನು ಬೈದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಅಪ್ಪ ನನ್ನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಒಯ್ದ. ಎಕ್ಸರೇಯಲ್ಲಿ ಏನೂ ಕಾಣಲಿಲ್ಲ. ನಾನು ನೋವೆಂದೇ ಅಂದೆ. ಡಾಕ್ಟರು ವಿಶ್ರಾಂತಿ ಹೇಳಿ ಕಳಿಸಿದರು. ಅಲ್ಲಿಗೆ ಒಂದು ಸುಳ್ಳು ಮುಗಿಯಬೇಕಿತ್ತು, ಮುಗಿಯಲಿಲ್ಲ. ಮರುದಿನವೂ ಅಪ್ಪ ಐದಕ್ಕೇ ಎದ್ದ. ಔಡಲೆಣ್ಣೆ ಬಿಸಿ ಮಾಡಿ ಮೊಣಕಾಲಿಗೆ ತಿಕ್ಕಿದ. ಹೀಗೆ ಎರಡು ತಿಂಗಳು. ಯಾವ ಕಾಲು ಕುಂಟಬೇಕು ಎಂದು ನಾನು ಪ್ರತಿದಿನ ನೆನಪಿಟ್ಟುಕೊಂಡು ಕುಂಟಿದೆ.

ಅವ್ವ ಸುಮ್ಮನಿರಲಿಲ್ಲ. "ನಿಮ್ಮ ಹಟಕ್ಕ ಹುಡುಗನ ಕಾಲು ಹೋತು" ಎಂದು ಬಂದವರೆದುರಿಗೂ ಅಂದಳು. ಅಪ್ಪ ಒಂದು ದಿನವೂ ಎದುರಾಡಲಿಲ್ಲ. "ಹೌದು, ನಂದ ತಪ್ಪು" ಅನ್ನುತ್ತಿದ್ದ. ಒಂದು ಮುಂಜಾನೆ ಗುದ್ದಲಿ ಹಿಡಿದು ಅಂಕಣವನ್ನು ಅಗೆದು ಮೆಂತ್ಯೆ ಬಿತ್ತಿದ. ನಾನು ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ನೋಡುತ್ತ ಕುಳಿತಿದ್ದೆ.

ಕುಂಟುವುದು ನಿಂತ ಮೇಲೂ ಮೊಣಕಾಲು ಆಟಕ್ಕೆ ಬಾರದೆಂದೇ ಹೇಳುತ್ತ ಬಂದೆ. ಐಟಿಐ ಮುಗಿಸಿ ಹಾನಗಲ್ಲಿನಲ್ಲಿ ಲೈನ್‌ಮನ್ ಆದೆ. ಕೆಲಸಕ್ಕೆ ಸೇರಿದ ವರ್ಷವೇ ಒಂದು ದಿನ ಕಚೇರಿಗೆ ಬಂದಾಗ ಒಳಗೆ ಅಪ್ಪನ ದನಿ ಕೇಳಿಸಿತು. ನನಗೆ ತಿಳಿಸದೆ ಊರಿಂದ ಬಂದು ನಮ್ಮ ಸಾಹೇಬರ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಹುಡುಗನ ಬಲ ಮಣಕಾಲು ಚಲೋ ಇಲ್ರಿ. ಕಂಬ ಹತ್ತಸಬ್ಯಾಡ್ರಿ, ಒಳಗ ಏನಾರ ಕೆಲಸ ಕೊಡ್ರಿ. ಅವಂದೇನೂ ತಪ್ಪಿಲ್ರಿ, ನಾನ ಕೆಡಿಸೇನಿ."

ಸಾಹೇಬರು ನನ್ನನ್ನು ನೋಡಿದರು. ಅದರ ಹಿಂದಿನ ವಾರವಷ್ಟೇ ನಾನು ಒಂದೇ ದಿನಕ್ಕೆ ಹನ್ನೊಂದು ಕಂಬ ಹತ್ತಿದ್ದು ಅವರಿಗೆ ಗೊತ್ತಿತ್ತು. ನಾನು ಅಪ್ಪನ ಕೈ ಹಿಡಿದು ಹೊರಗೆ ಕರೆತಂದು, ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂರಿಸಿ, ಎಲ್ಲ ಹೇಳಿದೆ.

ಅವನು ನನ್ನ ಮೊಣಕಾಲನ್ನು ನೋಡಿದ.

"ಒಂದ ದಿನಾನೂ ನೋವಾಗಿಲ್ಲ?"

"ಇಲ್ಲ."

"ಮತ್ಯಾಕ ಬಿದ್ದಿ? ಆಡೂದು ಬ್ಯಾಡಾಗಿತ್ತೇನು?"

ಹೌದು ಎಂದಿದ್ದರೆ ತಪ್ಪಿನ ಅರ್ಧವನ್ನು ಮತ್ತೆ ಅವನ ಮೇಲೆ ಹಾಕಿದಂತಾಗುತ್ತಿತ್ತು. ಅವನ ಒತ್ತಾಯ ಸುಳ್ಳಲ್ಲ. ಆದರೆ ನಾನು ಬಿದ್ದದ್ದು ಅದಕ್ಕಲ್ಲ. "ಆ ಹುಡುಗ ನನಗಿಂತ ಚಲೋ ಆಡ್ತಿದ್ದ. ನಿನ್ನ ಮುಂದ ಸೋಲಾಕ ಅಂಜಿದೆ."

"ಸೋತು ಬರಬೇಕಿತ್ತಲ್ಲೋ," ಎಂದ. ಸಿಟ್ಟಿರಲಿಲ್ಲ. ಆಮೇಲೆ, "ಸೋತಿದ್ರ ಮರುದಿನ ಮತ್ತ ಐದಕ್ಕ ಎಬ್ಬಸ್ತಿದ್ದೆ, ಅದೂ ಖರೆ," ಎಂದ. ಸವಣೂರಿನ ಬಸ್ಸು ಬಂತು. ಹತ್ತುವ ಮೊದಲು, "ನಿಮ್ಮವ್ವಗ ನೀನ ಹೇಳು. ನಾ ಹೇಳಿದ್ರ ಆಕಿ ನಂಬೂದಿಲ್ಲ" ಎಂದ.

ರವಿವಾರ ಊರಿಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಹೇಳಿ ಮುಗಿಸುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾಗಿತ್ತು. ಅವಳು ಅದನ್ನು ತೆಗೆದಿಟ್ಟು, ಕೈಗೆ ಹತ್ತಿದ ಹಿಟ್ಟು ಉದುರಿಸುತ್ತ ಕುಳಿತಳು.

"ಅವರಿಗೆ ನಾ ಎಷ್ಟ ಮಾತಾಡೇನಿ. ನೀ ಎಲ್ಲಾ ಕೇಳ್ಕೋತ ಕುಂತಿದ್ದಿ," ಎಂದಳು.

ನಾನು ಹೂಂ ಎಂದೆ. ಅವಳು ಎದ್ದು ಅಂಗಳಕ್ಕೆ ಹೋದಳು. ಅಪ್ಪ ಅಲ್ಲಿ ಎತ್ತಿನ ಹಗ್ಗ ಹೊಸೆಯುತ್ತಿದ್ದ. "ಒಳಗ ಬರ್ರಿ, ಉಣ್ಣು ಹೊತ್ತಾತು" ಎಂದು ಅವಳು ಕರೆದದ್ದು ಕೇಳಿಸಿತು. ಆ ಮಧ್ಯಾಹ್ನ ಅವಳು ಅಪ್ಪನಿಗೆ ಮೊದಲು ಬಡಿಸಿ, ಪಕ್ಕದಲ್ಲೇ ಕುಳಿತಳು. ನನ್ನ ತಾಟನ್ನು ನಾನೇ ತೆಗೆದುಕೊಂಡೆ.