ನೆತ್ತಿಯ ಮೇಲಿನ ಸುರುಳಿ

ಹೈದರಾಬಾದಿನ ಸನತ್‌ನಗರದ ಧನಶ್ರೀ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಅಪ್ಪ ಅಂಬಾದಾಸ ‘ಕಂಪ್ಯೂಟರ್ ಡಿಸೈನ್’ ಎನ್ನುತ್ತಿದ್ದ. ಅದು ಅರ್ಧ ಸುಳ್ಳು. ಅವ್ವ ಶಿವದೇವಿ ಮನೆಯಿಂದಲೇ ಏನೋ ಮಾಡುತ್ತಾಳೆ ಎಂದು ಮಾತು ತೇಲಿಸುತ್ತಿದ್ದಳು; ಅದು ಉತ್ತರವೇ ಅಲ್ಲ. ಅಪ್ಪನ ತಾಯಿ ಗೋದಾಬಾಯಿ ಒಬ್ಬಳೇ ನಿಜ ಹೇಳುತ್ತಿದ್ದಳು. “ಆಕಿ ಚಿತ್ರದ ಮಂದೀಗೆ ಮಾತು ಕಲಸ್ತಾಳ. ಏನ್ ಮಾತಂತ ನನಗ ಗೊತ್ತಿಲ್ಲ.”

ಆ ಕೊನೆಯ ಮಾತು ಧನಶ್ರೀಗೆ ಚುಚ್ಚುತ್ತಿತ್ತು. ಗಚ್ಚಿಬೌಲಿಯ ಅನಿಮೇಶನ್ ಕಂಪನಿ ಬಿಟ್ಟು ಸ್ವಂತವಾಗಿ ಕಾಮಿಕ್ ಬರೆಯಲು ಕೂತ ದಿನ ಮನೆಯಲ್ಲಿ ಎಲ್ಲರ ಮುಖ ಹರಳೆಣ್ಣೆ ಕುಡಿದಂತಾಗಿತ್ತು. ಬಿಡು, ಕೈಯಾಗ ಕಲೆ ಐತಿ ಎಂದವಳು ಅಜ್ಜಿ ಮಾತ್ರ. ಆ ಅಜ್ಜಿಯೇ ಮೊಮ್ಮಗಳು ಬರೆದದ್ದನ್ನು ಓದಲಾರಳು. ಅವಳಿಗೆ ಬರುವುದು ಕನ್ನಡ ಅಕ್ಷರ. ಧನಶ್ರೀ ಶಾಲೆಯಲ್ಲಿ ಕಲಿತದ್ದು ತೆಲುಗು, ಅಂಬಾದಾಸ ಹಿಂದಿ, ಶಿವದೇವಿ ಮರಾಠಿ. ಬೆಳಗಿನಿಂದ ಮಲಗುವವರೆಗೆ ಕನ್ನಡದಲ್ಲೇ ಜಗಳಾಡುವ ಆ ಮನೆಯಲ್ಲಿ ಕನ್ನಡ ಓದಬಲ್ಲವಳು ಅಜ್ಜಿ ಒಬ್ಬಳೇ. ಹೈದರಾಬಾದಿನ ನಮ್ಮ ಜನರಲ್ಲಿ ಇದು ಹೊಸತೇನಲ್ಲ, ಹಾಗೆಂದು ಹೆಮ್ಮೆಪಡುವ ಸಂಗತಿಯೂ ಅಲ್ಲ.

ಆ ವರ್ಷ ಶುರುವಾದದ್ದು ಹಲ್ಲಿನಿಂದ. ಕೊಂಡಾಪುರದ ದಂತವೈದ್ಯೆಯೊಬ್ಬಳು ತನ್ನ ದವಾಖಾನೆಗೆಂದು ತೆಲುಗಿನಲ್ಲಿ ಒಂದು ಕಾಮಿಕ್ ಬರೆಸಿದಳು. ಬಾಯೊಳಗೆ ಹಲ್ಲುಗಳು ನೆರೆಹೊರೆಯವರಂತೆ ಕಚ್ಚಾಡುತ್ತವೆ, ಹುಳುಕು ಹಲ್ಲು ಮನೆ ಖಾಲಿ ಮಾಡುವುದಿಲ್ಲ ಎಂದು ಹಟ ಹಿಡಿಯುತ್ತದೆ. ಗೋದಾಬಾಯಿಯ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ, ಆದರೂ ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದು ಇವು ಏನು ಅನ್ನಾಕತ್ತಾವ ಎಂದು ಕೇಳಿದಳು. ಧನಶ್ರೀ ಕನ್ನಡ ಮಾಡಿ ಹೇಳಿದಳು. ಬಿಡಿಸಿ ಹೇಳಿದ ನಗೆಚಾಟಿಕೆ ಆರಿದ ಭಜಿ ಇದ್ದಂತೆ. ಅಜ್ಜಿ ಮೊಮ್ಮಗಳ ಮನಸ್ಸು ನೋಯಬಾರದೆಂದು ನಕ್ಕಳು. ಆ ನಗುವೇ ಹೆಚ್ಚು ನೋಯಿಸಿತು. ವರ್ಷ ಮುಗಿಯುವುದರೊಳಗೆ ಅಜ್ಜಿ ಯಾರ ಹಂಗೂ ಇಲ್ಲದೆ ಓದಿ, ತಾನಾಗಿಯೇ ನಗುವಂಥ ಒಂದು ಪುಸ್ತಕ ಮಾಡಬೇಕೆಂದು ಧನಶ್ರೀ ಅವತ್ತೇ ಪಣ ತೊಟ್ಟಳು.

ಹೊಟ್ಟೆಪಾಡಿನ ಕೆಲಸ ನಿಲ್ಲಿಸುವಂತಿರಲಿಲ್ಲ. ಬೇಸಿಗೆಯಲ್ಲಿ ಗಚ್ಚಿಬೌಲಿಯ ಆಫೀಸೊಂದರ ಕ್ಯಾಂಟೀನ್ ಗೋಡೆ ತುಂಬ ಎಮ್ಮೆಗಳನ್ನು ಬಿಡಿಸಿದಳು. ಎಮ್ಮೆಗಳು ಟ್ರಾಫಿಕ್ಕಿನಲ್ಲಿ ಸಿಕ್ಕ ಕಾರುಗಳನ್ನು ಕರುಣೆಯಿಂದ ನೋಡುತ್ತಿದ್ದವು. ಮಳೆಗಾಲದಲ್ಲಿ ಆಟೋ ಓಡಿಸುವ ಬೆಕ್ಕಿನ ಕಥೆಯನ್ನು ಊರಿನ ಉರ್ದುವಾದ ದಖನಿಯಲ್ಲಿ ಬರೆದು ವಾರವಾರ ಫೋನಿನಲ್ಲಿ ಹಾಕಿದಳು. ಎಲ್ಲಿಗೆ ಕರೆದರೂ ‘ನಕ್ಕೋ’, ಬೇಡ, ಎನ್ನುವ ಆ ಬೆಕ್ಕು ಊರಿಗೆಲ್ಲ ಮೆಚ್ಚಿಕೆಯಾಯಿತು. ಉಳಿದ ಹೊತ್ತೆಲ್ಲ ಅಜ್ಜಿಯ ಪುಸ್ತಕಕ್ಕೆ.

ಕಥೆ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಸೇಡಂ ಕಡೆಯ ಹಳ್ಳಿಯಲ್ಲಿ ಗೋದಾಬಾಯಿ ಸಣ್ಣವಳಿದ್ದಾಗ ಸರ್ಕಾರಿ ಶಾಲೆಯಲ್ಲಿ ಕಲಿಸುತ್ತಿದ್ದದ್ದು ಉರ್ದು. ಕನ್ನಡ ಬೇಕೆನ್ನುವ ಗಂಡುಹುಡುಗರಿಗೆ ಮಾಸ್ತರನೊಬ್ಬ ತನ್ನ ಪಡಸಾಲೆಯಲ್ಲಿ ಪಾಠ ಹೇಳುತ್ತಿದ್ದ. ಪುಟ್ಟ ಗೋದಾ ಹೊಸ್ತಿಲಲ್ಲಿ ನಿಂತು, ಮಾಸ್ತರರ, ನಾನೂ ಓದತೀನ್ರಿ ಎಂದು ಕೇಳಿದಳು. ಹೆಣ್ಣುಹುಡುಗಿಗೆ ಯಾಕೆ ಎಂದು ಆತ ಬಾಗಿಲು ಹಾಕಿದ. ಅವಳು ಕಿಟಕಿಯ ಹೊರಗೆ ನಿಂತು, ಒಳಗೆ ಹುಡುಗರು ಕೂಗುವ ಅಕ್ಷರವನ್ನು ಮಣ್ಣಿನಲ್ಲಿ ತೀಡಿ ಕಲಿತಳು. ಈ ಕಥೆಯನ್ನು ಧನಶ್ರೀ ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದಳು.

ತೊಡಕು ಬಂದದ್ದು ಅಕ್ಷರದಲ್ಲಿ. ಫೋನಿನ ಅಚ್ಚಕ್ಷರವನ್ನು ತನ್ನ ಚಿತ್ರದ ಬಾಯಿಗೆ ಹಾಕಲು ಅವಳಿಗೆ ಮನಸ್ಸಿಲ್ಲ. ಮಾತೂ ಕೈಯಿಂದಲೇ ಬರೆದದ್ದಾಗಿರಬೇಕು. ಅಜ್ಜಿಯನ್ನು ಕೇಳಿದರೆ ಗುಟ್ಟು ರಟ್ಟು. ಅದಕ್ಕೆ ಅಡುಗೆಮನೆಯಲ್ಲಿ ನೇತಾಡುವ ಕಲಬುರಗಿಯ ಕನ್ನಡ ಕ್ಯಾಲೆಂಡರನ್ನೇ ಗುರು ಮಾಡಿಕೊಂಡಳು. ತೆಲುಗು ಕನ್ನಡ ಅಕ್ಷರಗಳು ಅಕ್ಕತಂಗಿಯರು, ಮುಖ ನೋಡಿ ಗುರುತು ಹಿಡಿದಳು. ಆದರೆ ಕ್ಯಾಲೆಂಡರಿನಲ್ಲಿ ಏಕಾದಶಿ ಇತ್ತು, ಸಂಕಷ್ಟಿ ಇತ್ತು. ‘ಓದು’ ಎಂಬ ಶಬ್ದ ಮಾತ್ರ ಎಲ್ಲಿಯೂ ಇರಲಿಲ್ಲ. ‘ಒ’ಗೂ ‘ಓ’ಗೂ ವ್ಯತ್ಯಾಸವೆಲ್ಲ ನೆತ್ತಿಯ ಮೇಲಿನ ಒಂದು ಸುರುಳಿಯಲ್ಲಿದೆ. ಕ್ಯಾಲೆಂಡರ್ ನೋಡಿ ಕಲಿತ ಕೈಗೆ ಆ ಸುರುಳಿ ಹೊಳೆಯಲೇ ಇಲ್ಲ.

ಪುಸ್ತಕ ಅಚ್ಚಾಗಿ ಬಂದದ್ದು ಚಳಿಗಾಲದ ಕಾಮಿಕ್ ಮೇಳಕ್ಕೆ ವಾರವಿದೆ ಎನ್ನುವಾಗ. ಮೊದಲ ಪ್ರತಿಯನ್ನು ಅಜ್ಜಿಯ ತೊಡೆಯ ಮೇಲಿಟ್ಟು, ಧನಶ್ರೀ ಸುಮ್ಮನೆ ಬಟ್ಟೆ ಮಡಚುವ ನೆಪದಲ್ಲಿ ಅಲ್ಲೇ ನಿಂತಳು. ಗೋದಾಬಾಯಿ ಮುಖಪುಟದ ಮೇಲೆ ಬೆರಳಿಟ್ಟು ತನ್ನ ಹೆಸರನ್ನು ಓದಿದಳು. ಮತ್ತೊಮ್ಮೆ ಓದಿದಳು. ಕನ್ನಡಕ ಒರೆಸಿಕೊಂಡು, ಬೆರಳನ್ನು ಮಾತಿನಿಂದ ಮಾತಿಗೆ ಸರಿಸುತ್ತ, ತುಟಿ ಅಲುಗಿಸುತ್ತ ಪುಟ ತಿರುವಿದಳು. ಪುಸ್ತಕದ ನಟ್ಟನಡುವೆ, ಎರಡು ಪುಟಕ್ಕೆ ಹರಡಿದ ಚಿತ್ರದಲ್ಲಿ ಪುಟ್ಟ ಗೋದಾ ಹೊಸ್ತಿಲಲ್ಲಿ ನಿಂತು ಮಾಸ್ತರನಿಗೆ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ತನ್ನ ಮಾತು ಹೇಳುವಲ್ಲಿ ಬೆರಳು ನಿಂತಿತು. ಅಜ್ಜಿಯ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡು ಧನಶ್ರೀಯ ಕಣ್ಣೂ ತುಂಬಿತು.

ಅಜ್ಜಿ ಅಳುತ್ತಿರಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು, ಉಸಿರು ಸಿಕ್ಕಿಕೊಳ್ಳುವ ಹಾಗೆ ನಗುತ್ತಿದ್ದಳು. ನೀರು ಕುಡಿಸಿದ ಮೇಲೆ ಆ ಸಾಲನ್ನು ಗಟ್ಟಿಯಾಗಿ ಓದಿದಳು. “ಮಾಸ್ತರರ, ನಾನೂ ಒದತೀನ್ರಿ.”

ಧನಶ್ರೀಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಓದುತ್ತೇನೆ ಎನ್ನಬೇಕಾದ ಹುಡುಗಿ ಕೈಮುಗಿದುಕೊಂಡು, ಮರ್ಯಾದೆಯಿಂದ, ಒದೆಯುತ್ತೇನೆ ಎಂದು ಹೇಳುತ್ತಿದ್ದಾಳೆ. ವರ್ಷದ ಶ್ರಮ, ಇಟ್ಟ ಪಣ, ಎಲ್ಲ ಒಂದು ಸುರುಳಿಯ ಪಾಲಾಯಿತು. ಇದ್ದ ಪ್ರತಿಗಳನ್ನೆಲ್ಲ ರದ್ದಿಗೆ ಹಾಕುತ್ತೇನೆ, ಮೇಳಕ್ಕೆ ಹೋಗುವುದಿಲ್ಲ ಎಂದು ಅವಳು ಗೋಡೆಗೆ ಮುಖ ಮಾಡಿ ಕೂತಳು.

ಗೋದಾಬಾಯಿ ಅವಳ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ನಗು ನಿಂತಿತ್ತು.

“ಖರೇ ಹೇಳ್ತೀನಿ ಕೇಳು. ಆವತ್ತ ನಾ ಬಾಯಾಗ ಓದತೀನ್ರಿ ಅಂದಿದ್ದೆ. ಅಂವ ಬಾಗಲಾ ಹಾಕಿದಾಗ ಮನಸಿನ್ಯಾಗ ಇದ ಇತ್ತು. ಇಷ್ಟು ವರ್ಷ ಯಾರ ಮುಂದೂ ಅಂದಿಲ್ಲ. ನಿನಗ ಹೆಂಗ ಗೊತ್ತಾತು?”

ಧನಶ್ರೀ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟಳು. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

ಮೇಳಕ್ಕೆ ಅಜ್ಜಿಯೂ ಹೊರಟಳು. ಮುಖವಾಡ ತೊಟ್ಟ, ಬಣ್ಣದ ಕೂದಲಿನ ಹುಡುಗ ಹುಡುಗಿಯರ ನಡುವೆ ಇಳಕಲ್ ಸೀರೆಯುಟ್ಟು, ಮಡಚುವ ಕುರ್ಚಿಯಲ್ಲಿ ಕೂತು, ನೀಲಿ ಪೆನ್ನು ಹಿಡಿದು ಒಂದೊಂದೇ ಪ್ರತಿ ತೆರೆದಳು. ಮಣ್ಣಿನಲ್ಲಿ ಕಲಿತ ಆ ಅಕ್ಷರದ ನೆತ್ತಿಗೆ ತನ್ನ ಕೈಯಿಂದಲೇ ಸುರುಳಿ ಸುತ್ತಿದಳು. ಏನು ತಿದ್ದುತ್ತಿದ್ದೀರಿ ಎಂದು ಕೊಳ್ಳುವವರು ತೆಲುಗಿನಲ್ಲೋ ಹಿಂದಿಯಲ್ಲೋ ಕೇಳುತ್ತಿದ್ದರು. ಈ ಸಲ ಬಿಡಿಸಿ ಹೇಳಿದರೂ ನಗೆ ಆರಲಿಲ್ಲ. ಧನಶ್ರೀ ಹೇಳಿದ್ದೇ ತಡ, ಅವರು ಬಿದ್ದು ಬಿದ್ದು ನಕ್ಕು, ಅಜ್ಜಿಯ ಕೈಯ ಸುರುಳಿಯೇ ಬೇಕೆಂದು ಕಾದು ನಿಂತರು. ಚಿತ್ರದ ಮಂದಿಗೆ ಮಾತು ಕಲಿಸುವವಳು ಇವಳೇ ಎಂದು ಗೋದಾಬಾಯಿ ಎಲ್ಲರಿಗೂ ಕನ್ನಡದಲ್ಲೇ ಸಾರಿದಳು. ಅರ್ಥವಾಗದವರೂ ತಲೆಯಾಡಿಸಿದರು.

ಸಂಜೆ ಗಂಟು ಕಟ್ಟುವಾಗ ಅಜ್ಜಿಯ ಕೈಚೀಲದಲ್ಲಿ ಮೊದಲ ದಿನ ಕೊಟ್ಟ ಪ್ರತಿ ಕಂಡಿತು. ನಡುವಿನ ಪುಟದಲ್ಲಿ ‘ಒ’ ಬೋಳುನೆತ್ತಿಯಲ್ಲೇ ಕೂತಿತ್ತು. ಧನಶ್ರೀ ಪೆನ್ನು ಮುಂದೆ ಹಿಡಿದಳು. ಗೋದಾಬಾಯಿ ಪುಸ್ತಕ ಕಸಿದುಕೊಂಡು ಎದೆಗೆ ಅವಚಿಕೊಂಡಳು.

“ನಂದೊಂದು ಹಂಗ ಇರಲಿ.”